ತಾಯಿಯಂತೆ ಮಗಳು: ಹಿಪ್ಪುನೇರಳೆ ತೋಟದಲ್ಲಿ ಕಲಿಯಬೇಕಾದ ಜೀವಕೋಶದ ಪಾಠ

‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ರೇಷ್ಮೆಯನ್ನೇ ನೆಚ್ಚಿ ಬಾಳಿದ ನಮ್ಮ ಕನಕಪುರ ಸೀಮೆಯಲ್ಲಂತೂ ಈ ಮಾತಿಗೆ ವಿಶೇಷವಾದ ಅರ್ಥವಿದೆ. ಮೂರು ದಶಕಗಳಿಗೂ ಹೆಚ್ಚು ಕಾಲ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರವನ್ನು ಬೋಧಿಸಿದ ನನಗೆ ಈ ಗಾದೆ ಒಂದು ವೈಜ್ಞಾನಿಕ ಪ್ರಶ್ನೆಯಾಗಿಯೇ ಕಾಣುತ್ತ ಬಂದಿದೆ. ಮಗಳು ಯಾವಾಗ ತಾಯಿಯಂತೆಯೇ ಇರುತ್ತಾಳೆ? ಯಾವಾಗ ಇರುವುದಿಲ್ಲ? ಇರದಿದ್ದರೆ ಅದಕ್ಕೆ ಕಾರಣವೇನು? ಜೀವಕೋಶಗಳು ಹೇಗೆ ವಿಭಜಿಸುತ್ತವೆ, ಹೇಗೆ ಸಂತಾನವನ್ನು ಪಡೆಯುತ್ತವೆ ಎಂಬ ಇಡೀ ಅಧ್ಯಾಯದ ಸಾರ ಈ ಮೂರು ಪ್ರಶ್ನೆಗಳಲ್ಲಿ ಅಡಗಿದೆ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಶಿಕ್ಷಕರಾಗಿದ್ದೀರಿ. ಇನ್ನು ಕೆಲವರು ಊರಿನಲ್ಲಿಯೇ ಉಳಿದು ಹುಳು ಸಾಕುತ್ತಿದ್ದೀರಿ. ನಿಮ್ಮೆಲ್ಲರ ಮುಂದೆ ನನ್ನ ಒಂದು ಖಚಿತವಾದ ಅಭಿಪ್ರಾಯವನ್ನು ಇಡಬೇಕೆಂದಿದ್ದೇನೆ. ಕನಕಪುರ, ರಾಮನಗರ, ಚನ್ನಪಟ್ಟಣ, ಮಾಗಡಿಗಳಂತಹ ರೇಷ್ಮೆ ಸೀಮೆಯ ಶಾಲೆಗಳು ಜೀವಕೋಶ ವಿಭಜನೆಯ ಪಾಠವನ್ನು ಹಿಪ್ಪುನೇರಳೆ ತೋಟದಿಂದಲೂ ಹುಳುಮನೆಯಿಂದಲೂ ಆರಂಭಿಸಬೇಕು. ಏಕೆಂದರೆ ರೇಷ್ಮೆ ಬೆಳೆಯುವ ಮನೆಗೆ ಅದು ಕೇವಲ ಪರೀಕ್ಷೆಯ ಅಂಕಗಳ ವಿಷಯವಲ್ಲ. ಬೆಳೆ ಉಳಿಯುವುದೋ ಹೋಗುವುದೋ ಎಂಬುದರ ವಿಷಯ.

ಈಗ ಆಗುತ್ತಿರುವುದೇನು? ಪುಸ್ತಕದಲ್ಲಿ ನಾಲ್ಕು ವೃತ್ತಗಳ ಒಂದು ಚಿತ್ರವಿರುತ್ತದೆ. ಪ್ರೊಫೇಸ್, ಮೆಟಾಫೇಸ್, ಅನಾಫೇಸ್, ಟೆಲೊಫೇಸ್ ಎಂಬ ಹೆಸರುಗಳಿರುತ್ತವೆ. ಮಕ್ಕಳು ಅವನ್ನು ಪಂಚಾಂಗದ ತಿಥಿಗಳಂತೆ ಬಾಯಿಪಾಠ ಮಾಡುತ್ತಾರೆ. ‘ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ’ ಎಂಬ ಪ್ರಶ್ನೆ ಬಂದರೆ ಪೂರ್ಣ ಅಂಕ ಪಡೆಯುತ್ತಾರೆ. ಅದೇ ಮಗುವನ್ನು ‘ನಿಮ್ಮ ತೋಟದ ಹಿಪ್ಪುನೇರಳೆ ಗಿಡಗಳೆಲ್ಲ ಒಂದೇ ತೆರನಾಗಿರುವುದು ಏಕೆ?’ ಎಂದು ಕೇಳಿದರೆ ಸುಮ್ಮನೆ ನಿಲ್ಲುತ್ತದೆ. ಬೆಳಿಗ್ಗೆ ಅದೇ ತೋಟದಲ್ಲಿ ಸೊಪ್ಪು ಕೊಯ್ದು, ಹುಳುವಿಗೆ ಹಾಕಿ, ಕೈ ತೊಳೆದುಕೊಂಡು ಶಾಲೆಗೆ ಬಂದ ಮಗು ಅದು! ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಶಾಲೆಯ ಪಾಠಕ್ಕೂ ಅನ್ವಯಿಸುವಂತಾಗಿರುವುದು ವಿಷಾದದ ಸಂಗತಿ.

ಪಾಠದ ಮೂಲತತ್ತ್ವ ಬಹಳ ಸರಳವಾದದ್ದು. ಹೊಸ ಜೀವಕೋಶ ಶೂನ್ಯದಿಂದ ಹುಟ್ಟುವುದಿಲ್ಲ. ಇರುವ ಜೀವಕೋಶದಿಂದಲೇ ಹುಟ್ಟುತ್ತದೆ. ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಶೋ 1855ರಲ್ಲಿ ಇದನ್ನು ಸ್ಪಷ್ಟವಾಗಿ ಸಾರಿದ. ಆದರೆ ಒಂದು ಎರಡಾಗುವುದು ಹೇಗೆ ಎಂಬುದನ್ನು ಕಣ್ಣಾರೆ ಕಂಡು ವಿವರಿಸಲು ಇನ್ನೂ ಕಾಲು ಶತಮಾನ ಬೇಕಾಯಿತು. ವಾಲ್ಟರ್ ಫ್ಲೆಮಿಂಗ್ ಎಂಬ ವಿಜ್ಞಾನಿ ಸಾಲಮಾಂಡರ್ ಎಂಬ ಪ್ರಾಣಿಯ ಮರಿಗಳ ಜೀವಕೋಶಗಳಿಗೆ ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಕೋಶಕೇಂದ್ರದೊಳಗೆ ದಾರದಂತಹ ರಚನೆಗಳು ಕಾಣಿಸಿಕೊಂಡು, ಉದ್ದಕ್ಕೆ ಸೀಳಿ, ಎರಡು ಕಡೆಗೆ ಸರಿಯುವುದನ್ನು ಚಿತ್ರಿಸಿದ. 1882ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಈ ಕ್ರಿಯೆಗೆ ಮೈಟೋಸಿಸ್ ಎಂಬ ಹೆಸರು ದೊರೆಯಿತು. ಗ್ರೀಕ್ ಭಾಷೆಯಲ್ಲಿ ‘ಮಿಟೋಸ್’ ಎಂದರೆ ದಾರ, ನೂಲು. ನಮ್ಮ ಗಾದೆಯ ನೂಲಿಗೂ ಜೀವಶಾಸ್ತ್ರದ ನೂಲಿಗೂ ಹೀಗೊಂದು ನಂಟು ಇದೆ!

ಆ ನೂಲುಗಳೇ ವರ್ಣತಂತುಗಳು. ಜೀವಕೋಶ ಮೊದಲು ತನ್ನ ಎಲ್ಲ ವರ್ಣತಂತುಗಳಿಗೂ ಒಂದೊಂದು ನಕಲು ಮಾಡಿಕೊಳ್ಳುತ್ತದೆ. ಬಳಿಕ ಅಸಲು ನಕಲುಗಳನ್ನು ಸರಿಸಮವಾಗಿ ಹಂಚಿ ತಾನು ಎರಡಾಗುತ್ತದೆ. ಅಣ್ಣತಮ್ಮಂದಿರು ಪಾಲು ಮಾಡಿಕೊಂಡಾಗ ಆಸ್ತಿ ಅರ್ಧವಾಗುತ್ತದೆ. ಇಲ್ಲಿ ಹಾಗಲ್ಲ, ಇಬ್ಬರಿಗೂ ಇಡೀ ಆಸ್ತಿಯೇ ದೊರೆಯುತ್ತದೆ. ಜೀವಶಾಸ್ತ್ರಜ್ಞರು ಇವುಗಳನ್ನು ‘ಮಗಳು ಜೀವಕೋಶಗಳು’ ಎಂದೇ ಕರೆದಿದ್ದಾರೆ. ಈ ಬಗೆಯ ವಿಭಜನೆಯಲ್ಲಿ ಮಗಳು ತಾಯಿಯಂತೆಯೇ ಇರುತ್ತಾಳೆ. ಗಾದೆ ಅಕ್ಷರಶಃ ನಿಜವಾಗುತ್ತದೆ.

ಇದನ್ನು ತೋಟದಲ್ಲಿ ನೋಡೋಣ. ಹಿಪ್ಪುನೇರಳೆಯನ್ನು ನಮ್ಮವರು ಬೀಜ ಹಾಕಿ ಬೆಳೆಸುವುದಿಲ್ಲ. ಕಡ್ಡಿ ನೆಟ್ಟು ಬೆಳೆಸುತ್ತಾರೆ. ಆರೆಂಟು ತಿಂಗಳು ಬಲಿತ ರೆಂಬೆಯಿಂದ, ಮೂರು ನಾಲ್ಕು ಕಣ್ಣುಗಳಿರುವಂತೆ, ಸುಮಾರು ಒಂದು ಗೇಣುದ್ದದ ತುಂಡನ್ನು ಕತ್ತರಿಸಿ ನೆಲಕ್ಕೆ ಊರುತ್ತಾರೆ. ಎಲೆಯಿಲ್ಲದ, ಬೇರಿಲ್ಲದ ಆ ತುಂಡಿನಲ್ಲಿ, ತೊಗಟೆಯ ಅಡಿಯಲ್ಲಿ, ವಿಭಜಿಸುವ ಶಕ್ತಿಯನ್ನು ಉಳಿಸಿಕೊಂಡ ಜೀವಕೋಶಗಳಿರುತ್ತವೆ. ತೇವ ಸಿಕ್ಕೊಡನೆ ಅವು ಒಂದು ಎರಡಾಗಿ, ಎರಡು ನಾಲ್ಕಾಗಿ, ಕೆಳಗೆ ಬೇರು, ಮೇಲೆ ಚಿಗುರು ಮೂಡುತ್ತದೆ. ಪ್ರತಿಯೊಂದು ವಿಭಜನೆಯಲ್ಲೂ 28 ವರ್ಣತಂತುಗಳು ನಕಲಾಗಿ ಸಮವಾಗಿ ಹಂಚಿಹೋಗುತ್ತವೆ. ಹಾಗಾಗಿ ಮಗಳು ಗಿಡ ತಾಯಿ ಗಿಡದ ಪ್ರತಿರೂಪ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯಿಂದ 1997ರಲ್ಲಿ ಬಂದ ‘ವಿ-1’ ತಳಿ ನಮ್ಮ ನೀರಾವರಿ ತೋಟಗಳಲ್ಲಿ ಹಬ್ಬಿಕೊಂಡಿದೆಯಷ್ಟೆ. ಜೀವಕೋಶದ ದೃಷ್ಟಿಯಿಂದ ನೋಡಿದರೆ ಸಾತನೂರಿನ ವಿ-1 ಗಿಡವೂ ಕೋಡಿಹಳ್ಳಿಯ ವಿ-1 ಗಿಡವೂ ಬೇರೆ ಬೇರೆ ಗಿಡಗಳಲ್ಲ; ಸಾವಿರಾರು ತುಂಡುಗಳಾಗಿ ಹರಡಿರುವ ಒಂದೇ ಗಿಡ.

ಇದರ ಲಾಭ ಎಲ್ಲರಿಗೂ ಗೊತ್ತು: ಒಂದೇ ಗುಣದ ಸೊಪ್ಪು, ಒಂದೇ ಸಮನಾದ ಇಳುವರಿ. ಇದರ ಅಪಾಯ ಮಾತ್ರ ಜೀವಕೋಶದ ಪಾಠ ತಿಳಿದವರಿಗೆ ಕಾಣುತ್ತದೆ. ಒಂದು ಗಿಡಕ್ಕೆ ಯಾವುದೋ ರೋಗವನ್ನು ತಡೆಯುವ ಶಕ್ತಿ ಇಲ್ಲದಿದ್ದರೆ ಅದರ ಯಾವ ನಕಲಿಗೂ ಆ ಶಕ್ತಿ ಇರುವುದಿಲ್ಲ. ಇಡೀ ತಾಲ್ಲೂಕು ಒಂದೇ ತಳಿಯನ್ನು ನೆಚ್ಚಿಕೊಂಡರೆ ಕಷ್ಟವೂ ಒಮ್ಮೆಗೇ ಎಲ್ಲರ ಮನೆಬಾಗಿಲಿಗೆ ಬರುತ್ತದೆ.

ಹಾಗಾದರೆ ಹೊಸ ತಳಿ ಎಲ್ಲಿಂದ ಹುಟ್ಟುತ್ತದೆ? ಇದಕ್ಕೂ ಉತ್ತರ ನಮ್ಮ ನೆರೆಯಲ್ಲಿಯೇ ಇದೆ. ವಿ-1 ಬರುವುದಕ್ಕಿಂತ ಮೊದಲು ದಶಕಗಳ ಕಾಲ ನಮ್ಮ ತೋಟಗಳನ್ನು ಆಳಿದ್ದು ‘ಎಂ-5’. ಅದರ ಇನ್ನೊಂದು ಹೆಸರು ‘ಕಣ್ವ-2’. ಚನ್ನಪಟ್ಟಣ ತಾಲ್ಲೂಕಿನ ಕಣ್ವದ ಹೆಸರನ್ನೇ ಹೊತ್ತ ತಳಿ ಇದು. ಹಳೆಯ ಮೈಸೂರು ಸ್ಥಳೀಯ ಹಿಪ್ಪುನೇರಳೆಯಲ್ಲಿ ತಾನಾಗಿ ಪರಾಗಸ್ಪರ್ಶವಾಗಿ ಕಟ್ಟಿದ ಬೀಜಗಳಿಂದ ಸಸಿಗಳನ್ನು ಎಬ್ಬಿಸಿ, ಅವುಗಳಲ್ಲಿ ಉತ್ತಮವಾದದ್ದನ್ನು ಆರಿಸಿ, ಅದರ ಕಡ್ಡಿಗಳನ್ನು ಎಲ್ಲೆಡೆ ಹಬ್ಬಿಸಿದರು. ಗಮನಿಸಿ: ಹೊಸತನ ಬಂದದ್ದು ಬೀಜದಿಂದ, ಅದು ಉಳಿದು ಬಂದದ್ದು ಕಡ್ಡಿಯಿಂದ. ಬೀಜದ ಹಿಂದೆ ಇರುವುದು ಇನ್ನೊಂದು ಬಗೆಯ ವಿಭಜನೆ, ಅದೇ ಮಿಯೋಸಿಸ್.

ಮಿಯೋಸಿಸ್‌ನಲ್ಲಿ ನಕಲು ಮಾಡುವುದು ಒಮ್ಮೆ, ವಿಭಜಿಸುವುದು ಎರಡು ಸಲ. ಅದರಿಂದಾಗಿ ಹಿಪ್ಪುನೇರಳೆಯ ಪರಾಗದಲ್ಲಾಗಲಿ ಅಂಡದಲ್ಲಾಗಲಿ ಇರುವುದು 28 ಅಲ್ಲ, 14 ವರ್ಣತಂತುಗಳು ಮಾತ್ರ. ತಾಯಿ ಗಿಡದಲ್ಲಿ 14 ಜೋಡಿಗಳಿವೆ. ಪ್ರತಿ ಜೋಡಿಯಿಂದಲೂ ಒಂದೊಂದನ್ನು ಆರಿಸಿ ಅಂಡಕ್ಕೆ ಕೊಡಲಾಗುತ್ತದೆ. ಯಾವುದು ಹೋಗುತ್ತದೆಂಬುದು ಚೀಟಿ ಎತ್ತಿದ ಹಾಗೆ. 14 ಸಲ ಚೀಟಿ ಎತ್ತಿದರೆ 16,384 ಬಗೆಯ ಅಂಡಗಳು ಸಾಧ್ಯ. ಇದರ ಜೊತೆಗೆ ಜೋಡಿ ವರ್ಣತಂತುಗಳು ತಮ್ಮ ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುವುದರಿಂದ ವೈವಿಧ್ಯಕ್ಕೆ ಲೆಕ್ಕವೇ ಇರುವುದಿಲ್ಲ. ಇನ್ನು ತಂದೆಯ ಕಡೆಯ ಚೀಟಿ ಬೇರೆ! ಬೀಜದಿಂದ ಎದ್ದ ಸಸಿ ತಾಯಿಯಂತೆ ಇರದಿರಲು ಕಾರಣ ಇದು. ಇಲ್ಲಿ ನಮ್ಮ ಗಾದೆ ಸೋಲುತ್ತದೆ.

ಗಾದೆ ಗೆಲ್ಲುವ ಜಾಗ, ಸೋಲುವ ಜಾಗ ಎರಡನ್ನೂ ತಿಳಿಯುವುದು ಹುಳುಮನೆಯಲ್ಲಿ ಇನ್ನೂ ಮುಖ್ಯ. ಒಮ್ಮೆ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಪಾಠದ ನಡುವೆ ಎದ್ದು ನಿಂತು ಕೇಳಿದ: “ಮೇಷ್ಟ್ರೇ, ಹೋದ ಬೆಳೆ ಗೂಡು ಚೆನ್ನಾಗಿತ್ತು ಅಂತ ಅಪ್ಪ ಅದರಲ್ಲೇ ಒಂದಿಷ್ಟು ಚಿಟ್ಟೆ ಬಿಡಿಸಿ ಮೊಟ್ಟೆ ಇಡಿಸಿದ್ರು. ಒಳ್ಳೇ ಗೂಡಿನ ಮೊಟ್ಟೆನೇ ಅಲ್ವಾ? ಮತ್ತೆ ಹುಳ ಯಾಕೆ ಹಿಂಗಾಯ್ತು?” ಆ ಮನೆಯ ಹುಳುಗಳಲ್ಲಿ ಕೆಲವು ಮೂರನೆಯ ಜ್ವರಕ್ಕೆ ಕುಳಿತಿದ್ದರೆ ಕೆಲವು ಇನ್ನೂ ಸೊಪ್ಪು ತಿನ್ನುತ್ತಿದ್ದವಂತೆ. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವ ಹೊತ್ತಿಗೆ ಉಳಿದವು ಅರ್ಧ ಬೆಳೆದಿದ್ದವಂತೆ. ಗೂಡುಗಳಲ್ಲಿ ಹಳದಿಯೂ ಬಿಳಿಯೂ, ದಪ್ಪವೂ ಸಣ್ಣವೂ ಕಲಸಿಹೋಗಿ ಮಾರುಕಟ್ಟೆಯಲ್ಲಿ ದರ ಬಿದ್ದುಹೋಯಿತಂತೆ. ಹದಿನಾಲ್ಕು ವರ್ಷದ ಆ ಹುಡುಗ ಕೇಳಿದ್ದು ಪುಸ್ತಕದ ಯಾವ ಅಭ್ಯಾಸ ಪ್ರಶ್ನೆಗಿಂತಲೂ ಆಳವಾದ ಪ್ರಶ್ನೆ. ಅದರ ಉತ್ತರವೇ ಮಿಯೋಸಿಸ್.

ಉತ್ತರ ಹೀಗಿದೆ. ರೇಷ್ಮೆ ಹುಳುವಿನ ದೇಹದ ಜೀವಕೋಶದಲ್ಲಿ 56 ವರ್ಣತಂತುಗಳಿವೆ, ಅಂದರೆ 28 ಜೋಡಿ. ನಮ್ಮ ರೈತರು ಬಹುವಾಗಿ ಸಾಕುವ ಮಿಶ್ರತಳಿಯಲ್ಲಿ ತಾಯಿ ಮೈಸೂರು ತಳಿಯದು, ತಂದೆ ದ್ವಿತಳಿಯದು. ಈ ಎರಡೂ ತಲೆಮಾರುಗಳಿಂದ ಶುದ್ಧವಾಗಿ ಕಾಪಾಡಿಕೊಂಡು ಬಂದ ತಳಿಗಳು. ಶುದ್ಧ ತಳಿಯ ತಾಯಿಯಲ್ಲಿ ಜೋಡಿಯ ಎರಡು ವರ್ಣತಂತುಗಳೂ ಬಹುಪಾಲು ಒಂದೇ ತೆರನಾಗಿರುವುದರಿಂದ ಯಾವ ಚೀಟಿ ಎತ್ತಿದರೂ ಒಂದೇ ಹೆಸರು ಬರುತ್ತದೆ. ಹಾಗೆಯೇ ತಂದೆಯ ಕಡೆಯೂ. ಆದ್ದರಿಂದ ಮೊದಲ ಪೀಳಿಗೆಯ ಮಿಶ್ರತಳಿಯ ಹುಳುಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಇರುತ್ತವೆ. ಒಟ್ಟಿಗೆ ಜ್ವರಕ್ಕೆ ಕೂರುತ್ತವೆ, ಒಟ್ಟಿಗೆ ಏಳುತ್ತವೆ, ಒಟ್ಟಿಗೆ ಹಣ್ಣಾಗುತ್ತವೆ. ತಾಯಿಯ ಕಷ್ಟಸಹಿಷ್ಣುತೆಯೂ ತಂದೆಯ ನೂಲಿನ ಗುಣವೂ ಅವುಗಳಲ್ಲಿ ಕೂಡಿರುತ್ತವೆ.

ಆದರೆ ಆ ಮಿಶ್ರತಳಿಯ ಚಿಟ್ಟೆ ತಾನೇ ಮೊಟ್ಟೆ ಇಡಹೊರಟಾಗ ಕಥೆ ಬದಲಾಗುತ್ತದೆ. ಅದರ ಪ್ರತಿ ಜೋಡಿಯಲ್ಲೂ ಒಂದು ಮೈಸೂರಿನದು, ಒಂದು ದ್ವಿತಳಿಯದು. 28 ಜೋಡಿಗಳಿಂದ ಒಂದೊಂದು ಚೀಟಿ ಎತ್ತಿದರೆ ಸಾಧ್ಯವಾಗುವ ಬಗೆಗಳ ಸಂಖ್ಯೆ 26,84,35,456. ಒಂದು ಚಿಟ್ಟೆ ಇಡುವುದು ನಾನೂರು ಐನೂರು ಮೊಟ್ಟೆ. ಅವುಗಳಲ್ಲಿ ಯಾವ ಎರಡೂ ಒಂದೇ ತೆರನಾಗಿರಲು ಸಾಧ್ಯವೇ ಇಲ್ಲವೆಂದರೂ ತಪ್ಪಾಗದು. ಆ ಹುಡುಗನ ತಂದೆ ಕಂಡದ್ದು ರೋಗವನ್ನಲ್ಲ, ದೃಷ್ಟಿದೋಷವನ್ನೂ ಅಲ್ಲ, ಮಿಯೋಸಿಸ್‌ನ ಚೀಟಿಯಾಟವನ್ನು.

ಈ ವಿಷಯದಲ್ಲಿ ರೇಷ್ಮೆ ಹುಳುವಿಗೆ ವಿಜ್ಞಾನದ ಚರಿತ್ರೆಯಲ್ಲಿಯೇ ಗೌರವದ ಸ್ಥಾನವಿದೆ. ಮೆಂಡಲ್ ಬಟಾಣಿ ಗಿಡಗಳಲ್ಲಿ ಕಂಡ ಅನುವಂಶೀಯತೆಯ ನಿಯಮಗಳು ಪ್ರಾಣಿಗಳಿಗೂ ಅನ್ವಯಿಸುತ್ತವೆಯೇ ಎಂಬ ಪ್ರಶ್ನೆಗೆ ಮೊದಮೊದಲು ಉತ್ತರ ಕೊಟ್ಟವರಲ್ಲಿ ಜಪಾನಿನ ತೋಯಾಮಾ ಕಾಮೆತಾರೊ ಒಬ್ಬರು. ಅವರು ಹಳದಿ ಗೂಡಿನ ತಳಿಯನ್ನೂ ಬಿಳಿ ಗೂಡಿನ ತಳಿಯನ್ನೂ ಕೂಡಿಸಿ, ಮೊದಲ ಪೀಳಿಗೆಯಲ್ಲಿ ಎಲ್ಲವೂ ಹಳದಿಯಾಗಿ, ಎರಡನೆಯ ಪೀಳಿಗೆಯಲ್ಲಿ ಬಿಳಿ ಮತ್ತೆ ಕಾಣಿಸಿಕೊಳ್ಳುವುದನ್ನು ತೋರಿಸಿದರು. 1906ರಲ್ಲಿ ಅದು ಪ್ರಕಟವಾಯಿತು. ಮೊದಲ ಪೀಳಿಗೆಯ ಮಿಶ್ರತಳಿಯನ್ನೇ ರೈತರಿಗೆ ಕೊಡಬೇಕೆಂದೂ ಅವರು ಪ್ರತಿಪಾದಿಸಿದರು. ನಮ್ಮ ಹುಡುಗನ ಮನೆಯ ಕಲಬೆರಕೆ ಗೂಡುಗಳೂ ತೋಯಾಮಾ ಅವರ ಪ್ರಯೋಗದ ಗೂಡುಗಳೂ ಒಂದೇ ಸತ್ಯವನ್ನು ಹೇಳುತ್ತಿದ್ದವು. ಒಂದು ಕಡೆ ಅದು ವಿಜ್ಞಾನವಾಯಿತು, ಇನ್ನೊಂದು ಕಡೆ ಸಾಲವಾಯಿತು. ನಡುವೆ ಇದ್ದದ್ದು ಒಂದು ಪಾಠದ ಅಂತರ.

‘ಮಿಶ್ರತಳಿಯ ಗೂಡಿನಿಂದ ಮೊಟ್ಟೆ ಮಾಡಬೇಡಿ’ ಎಂದು ಇಲಾಖೆಯವರು ಹೇಳುತ್ತಲೇ ಬಂದಿದ್ದಾರೆ. ರೇಷ್ಮೆ ಬಿತ್ತನೆ, ಗೂಡು, ನೂಲುಗಳನ್ನು ನಿಯಂತ್ರಿಸುವ ಕಾಯ್ದೆ ನಮ್ಮ ರಾಜ್ಯದಲ್ಲಿ 1959ರಿಂದಲೂ ಇದೆ. 2006ರಲ್ಲಿ ಕೇಂದ್ರ ರೇಷ್ಮೆ ಮಂಡಳಿಯ ಕಾಯ್ದೆಗೂ ಬಿತ್ತನೆಯ ಗುಣಮಟ್ಟ ಕುರಿತ ತಿದ್ದುಪಡಿಯಾಯಿತು. ಕಾಯ್ದೆ ಬೇಕು, ನಿಜ. ಆದರೆ ‘ಬೇಡ’ ಎಂಬ ಮಾತು ‘ಏಕೆ ಬೇಡ’ ಎಂಬ ಅರಿವಿಲ್ಲದೆ ಬಂದಾಗ ಅದು ಅಪ್ಪಣೆಯಾಗುತ್ತದೆ. ಅಪ್ಪಣೆಯನ್ನು ಮೀರಿ ನೋಡೋಣ ಎಂದು ಮನುಷ್ಯನಿಗೆ ಅನ್ನಿಸುವುದು ಸಹಜ. ಅದೇ ಮಾತು ಶಾಲೆಯ ಪಾಠವಾಗಿ ಮಗುವಿನ ಬಾಯಿಂದ ಮನೆಗೆ ಬಂದರೆ ಅದು ತಿಳಿವಳಿಕೆಯಾಗುತ್ತದೆ.

ಇದೇ ಅರಿವಿನಿಂದ ಇನ್ನೊಂದು ಸಂಗತಿಯ ಮಹತ್ತ್ವವೂ ಗೋಚರಿಸುತ್ತದೆ. ಮಿಶ್ರತಳಿ ಪ್ರತಿ ಸಲವೂ ಹೊಸದಾಗಿ ಆಗಬೇಕಾದರೆ ಅದರ ಶುದ್ಧ ತಾಯಿ ತಂದೆಯರು ಎಲ್ಲಿಯಾದರೂ ಶುದ್ಧವಾಗಿಯೇ ಉಳಿದಿರಬೇಕಷ್ಟೆ. ಮೈಸೂರು ತಳಿಯನ್ನು ಉಳಿಸಿಕೊಂಡು ಬಂದ ಬಿತ್ತನೆ ಪ್ರದೇಶಗಳಲ್ಲಿ ನಮ್ಮ ನೆರೆಯ ಮಾಗಡಿ, ಕುಣಿಗಲ್ ಸೀಮೆಗಳು ಪ್ರಮುಖವಾದವು. ಅಲ್ಲಿಯ ರೈತರು ಬೆಳೆಯುವ ಗೂಡು ಸಣ್ಣದು, ಅದರ ನೂಲಿನೆಳೆ ದ್ವಿತಳಿಯ ಎಳೆಯ ಅರ್ಧದಷ್ಟು ಉದ್ದವೂ ಬರುವುದಿಲ್ಲ. ಆದರೂ ಕನಕಪುರದ ಮಿಶ್ರತಳಿಯ ಬೆಳೆ ನಿಂತಿರುವುದು ಆ ಸಣ್ಣ ಗೂಡಿನ ಮೇಲೆ. ಮೈಸೂರು ತಳಿಯ ತಾಯಿಯಿಂದಲೇ ಮೊಟ್ಟೆ ಇಡಿಸುವುದಕ್ಕೂ ಕಾರಣವಿದೆ. ಮೊಟ್ಟೆ ಕೂಡಲೇ ಬೆಳೆಯಬೇಕೋ ತಿಂಗಳುಗಟ್ಟಲೆ ನಿದ್ರಿಸಬೇಕೋ ಎಂಬುದನ್ನು ನಿರ್ಧರಿಸುವವಳು ತಾಯಿ. ಮೈಸೂರು ತಾಯಿಯ ಮೊಟ್ಟೆ ಹತ್ತು ದಿನಗಳ ಆಸುಪಾಸಿನಲ್ಲಿ ಒಡೆಯುತ್ತದೆ. ದ್ವಿತಳಿ ತಾಯಿಯ ಮೊಟ್ಟೆಯೊಳಗೆ ಭ್ರೂಣದ ಜೀವಕೋಶಗಳು ಸ್ವಲ್ಪ ದೂರ ವಿಭಜಿಸಿ ಬಳಿಕ ನಿಂತುಬಿಡುತ್ತವೆ. ಅದನ್ನು ಎಬ್ಬಿಸಲು ಬಿತ್ತನೆ ಕೋಠಿಯಲ್ಲಿ ಬಿಸಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದುವಂತಹ ಉಪಾಯಗಳು ಬೇಕಾಗುತ್ತವೆ. ಬಿತ್ತನೆ ಗೂಡು ಬೆಳೆಯುವ ರೈತರಿಗೆ ನ್ಯಾಯವಾದ ದರ ಸಿಗದೆ ಅವರು ಅದನ್ನು ಕೈಬಿಟ್ಟರೆ ಹಾನಿ ಅವರಿಗಷ್ಟೇ ಅಲ್ಲ, ಇಡೀ ಸೀಮೆಗೆ. ಜೀವಕೋಶದ ಪಾಠವನ್ನು ಅರಿತ ಸಮಾಜ ಮಾತ್ರ ಬಿತ್ತನೆ ರೈತನ ಬೆಲೆಯನ್ನು ಅರಿಯಬಲ್ಲದು.

ತಾಯಿಯಿಂದ ಮಗಳಿಗೆ ಒಳ್ಳೆಯದಷ್ಟೇ ಅಲ್ಲ, ಕೆಟ್ಟದ್ದೂ ಬರುತ್ತದೆ. ಗಂಟುರೋಗವನ್ನು ತರುವ ಸೂಕ್ಷ್ಮಜೀವಿ ತಾಯಿ ಚಿಟ್ಟೆಯ ಅಂಡದೊಳಗೇ ಸೇರಿ ಮುಂದಿನ ಪೀಳಿಗೆಗೆ ದಾಟುತ್ತದೆ; ಹುಳುವಿನ ಜೀವಕೋಶದೊಳಗೆ ತಾನೂ ವಿಭಜಿಸಿ ಹೆಚ್ಚುತ್ತದೆ. ಫ್ರಾನ್ಸಿನ ರೇಷ್ಮೆ ಉದ್ಯಮ ಈ ರೋಗದಿಂದ ನೆಲಕಚ್ಚಿದಾಗ 1865ರಲ್ಲಿ ಲೂಯಿ ಪಾಶ್ಚರ್ ಅದರ ಅಧ್ಯಯನಕ್ಕೆ ಇಳಿದರು. ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗವಿದ್ದರೆ ಆ ಮೊಟ್ಟೆಗಳನ್ನು ಸುಟ್ಟುಬಿಡುವ ವಿಧಾನವನ್ನು ರೂಪಿಸಿದರು. ನಮ್ಮ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ತಾಯಿ ಚಿಟ್ಟೆಯ ಪರೀಕ್ಷೆ ನಡೆಯುತ್ತದೆ. ಮನೆಯಲ್ಲಿ ಇಡಿಸಿದ ಮೊಟ್ಟೆಗೆ ಈ ರಕ್ಷಣೆ ಇರುವುದಿಲ್ಲ.

ಇನ್ನು, ಪಾಠವನ್ನು ಹುಳುಮನೆಗೆ ಒಯ್ದರೆ ಪುಸ್ತಕದಲ್ಲಿಲ್ಲದ ಒಂದು ವಿಸ್ಮಯವೂ ಮಕ್ಕಳಿಗೆ ದೊರೆಯುತ್ತದೆ. ‘ಜೀವಕೋಶ ನಕಲು ಮಾಡಿಕೊಂಡ ಮೇಲೆ ವಿಭಜಿಸುತ್ತದೆ’ ಎಂದು ನಾವು ಕಲಿಸುತ್ತೇವೆ. ರೇಷ್ಮೆ ಗ್ರಂಥಿಯ ಜೀವಕೋಶಗಳು ಈ ನಿಯಮವನ್ನು ಪಾಲಿಸುವುದಿಲ್ಲ. ಹುಳು ಇನ್ನೂ ಮೊಟ್ಟೆಯೊಳಗೆ ಇರುವಾಗಲೇ ಆ ಗ್ರಂಥಿಯ ಜೀವಕೋಶಗಳ ಸಂಖ್ಯೆ ನಿಗದಿಯಾಗಿಬಿಡುತ್ತದೆ. ಎಳೆಯ ಮುಖ್ಯ ಪ್ರೋಟೀನನ್ನು ತಯಾರಿಸುವ ಹಿಂಭಾಗದಲ್ಲಿ ಸುಮಾರು 500 ಜೀವಕೋಶಗಳು ಮಾತ್ರ. ಹುಳು ಮೊಟ್ಟೆಯಿಂದ ಹೊರಬಂದು ತೂಕದಲ್ಲಿ ಹತ್ತು ಸಾವಿರ ಪಟ್ಟು ಹೆಚ್ಚಿದರೂ ಆ ಜೀವಕೋಶಗಳು ಮತ್ತೆ ವಿಭಜಿಸುವುದಿಲ್ಲ. ಬದಲಿಗೆ ಒಳಗಿನ ಡಿಎನ್‌ಎಯನ್ನು ಮಾತ್ರ ಮತ್ತೆ ಮತ್ತೆ ನಕಲು ಮಾಡುತ್ತ ಹೋಗುತ್ತವೆ. ಒಟ್ಟು 17ರಿಂದ 19 ಸುತ್ತು. ಒಂದು ಎರಡಾಗಿ, ಎರಡು ನಾಲ್ಕಾಗಿ, ಹದಿನೇಳು ಸಲ ಇಮ್ಮಡಿಸಿದರೆ 1,31,072 ಆಗುತ್ತದೆಂದು ಏಳನೆಯ ತರಗತಿಯ ಮಗುವೂ ಲೆಕ್ಕ ಹಾಕಬಲ್ಲದು. ಒಂದೊಂದು ಜೀವಕೋಶದೊಳಗೂ ರೇಷ್ಮೆಯ ಆದೇಶಪತ್ರದ ಲಕ್ಷಾಂತರ ಪ್ರತಿಗಳು! ಕೊನೆಯ ಹಂತದ ಹುಳು ಕೆಲವೇ ದಿನಗಳಲ್ಲಿ ನೂರಾರು ಮೀಟರ್ ಎಳೆಗೆ ಬೇಕಾದ ಪ್ರೋಟೀನನ್ನು ಸಿದ್ಧಪಡಿಸುವುದು ಈ ಪ್ರತಿಗಳ ಬಲದಿಂದ. ಆ ಜೀವಕೋಶಗಳ ಕೇಂದ್ರ ಗುಂಡಗಿರದೆ ಮರದ ಕೊಂಬೆಗಳಂತೆ ಕವಲೊಡೆದಿರುತ್ತದೆ. ಬಣ್ಣ ಹಾಕಿದರೆ ಶಾಲೆಯ ಸಾಧಾರಣ ಸೂಕ್ಷ್ಮದರ್ಶಕದಲ್ಲಿಯೂ ನೋಡಬಹುದು. ಕನಕಪುರದ ಮಗುವಿಗೆ ಇದಕ್ಕಿಂತ ಹೆಮ್ಮೆಯ ಪಾಠ ಯಾವುದಿದೆ?

ನನ್ನ ಅಭಿಪ್ರಾಯಕ್ಕೆ ಬರಬಹುದಾದ ಆಕ್ಷೇಪಗಳನ್ನೂ ನಾನು ಬಲ್ಲೆ.

ಮೊದಲನೆಯದು ಈರುಳ್ಳಿಯ ಪರವಾದದ್ದು. ಈರುಳ್ಳಿಯ ಬೇರಿನ ತುದಿಯಲ್ಲಿ ವರ್ಣತಂತುಗಳು ದೊಡ್ಡವು, ಸಂಖ್ಯೆಯೂ ಹದಿನಾರೇ. ಹಿಪ್ಪುನೇರಳೆಯವು ತೀರ ಸಣ್ಣವು. ಹಂತಗಳನ್ನು ಕಣ್ಣಾರೆ ನೋಡಲು ಈರುಳ್ಳಿಯೇ ಮೇಲು. ಇದನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಈರುಳ್ಳಿಯನ್ನು ಬಿಡಬೇಕೆಂಬುದು ನನ್ನ ವಾದವಲ್ಲ. ಈರುಳ್ಳಿ ‘ಹೇಗೆ’ ಎಂಬುದನ್ನು ತೋರಿಸಲಿ. ‘ಏತಕ್ಕಾಗಿ’ ಎಂಬುದನ್ನು ತೋಟ ಹೇಳಲಿ. ಏತಕ್ಕಾಗಿ ಎಂಬುದು ಮನಸ್ಸಿಗೆ ನಾಟಿದ ಮೇಲೆ ಹಂತಗಳ ಹೆಸರು ತಾವಾಗಿಯೇ ನೆನಪಿನಲ್ಲಿ ನಿಲ್ಲುತ್ತವೆ.

ಎರಡನೆಯ ಆಕ್ಷೇಪ ಹೆತ್ತವರದು. ‘ನಾವಂತೂ ಹುಳುವಿನ ಜೊತೆ ಸವೆದೆವು, ಮಕ್ಕಳಾದರೂ ಬೆಂಗಳೂರಿಗೆ ಹೋಗಿ ಕೆಲಸಕ್ಕೆ ಸೇರಲಿ; ಶಾಲೆಯಲ್ಲೂ ಹುಳುವಿನ ಪಾಠವೇ?’ ಎಂದು ಅವರು ಕೇಳುತ್ತಾರೆ. ಈ ಮಾತಿನ ಹಿಂದೆ ಇರುವ ದಣಿವನ್ನು ನಾನು ಗೌರವಿಸುತ್ತೇನೆ. ಹುಳುಮನೆಯಲ್ಲಿ ನಿದ್ದೆಗೆಟ್ಟವರಿಗೆ ಹಾಗೆ ಅನ್ನಿಸುವ ಹಕ್ಕಿದೆ. ಆದರೆ ಹುಳುವಿನ ಮೂಲಕ ಕಲಿಯುವುದು ಬೇರೆ, ಹುಳುವಿಗೇ ಕಟ್ಟುಬೀಳುವುದು ಬೇರೆ. ಕಡ್ಡಿಯ ಗುಟ್ಟನ್ನು ತಿಳಿದ ಮಗು ಅಂಗಾಂಶ ಕೃಷಿಯ ಬಾಳೆ ಸಸಿಯನ್ನು ಅರ್ಥಮಾಡಿಕೊಳ್ಳುತ್ತದೆ. ಮಿಶ್ರತಳಿಯ ಗುಟ್ಟನ್ನು ತಿಳಿದ ಮಗುವಿಗೆ ಹೈಬ್ರಿಡ್ ಟೊಮ್ಯಾಟೊ ಬೀಜವನ್ನು ಪ್ರತಿ ವರ್ಷ ಏಕೆ ಕೊಳ್ಳಬೇಕೆಂಬುದು ಗೊತ್ತಾಗುತ್ತದೆ. ಒಂದೇ ತಾಯಿಯ ಮಕ್ಕಳು ಏಕೆ ಬೇರೆ ಬೇರೆ, ಮನುಷ್ಯನ 46 ವರ್ಣತಂತುಗಳು ಅಂಡದಲ್ಲಿ 23 ಆಗುವುದು ಹೇಗೆ, ವಿಭಜನೆಗೆ ಇರುವ ಲಗಾಮು ತಪ್ಪಿದಾಗ ಕ್ಯಾನ್ಸರ್ ಏಕೆ ಬರುತ್ತದೆ ಎಂಬುದೆಲ್ಲ ಅದೇ ದಾರಿಯ ಮುಂದಿನ ಊರುಗಳು. ನನ್ನ ವಿದ್ಯಾರ್ಥಿಗಳಲ್ಲಿ ದಾದಿಯರಾದವರು, ಔಷಧ ಕಂಪನಿಗಳಲ್ಲಿ ದುಡಿಯುವವರು ಇದ್ದೀರಿ. ಈ ಮಾತಿನ ಸತ್ಯ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಗ್ರಾಮೀಣ ಮಕ್ಕಳಿಗೆಂದೇ ಎಸ್. ಕರಿಯಪ್ಪನವರಂಥವರು ವಿದ್ಯಾಸಂಸ್ಥೆಯನ್ನು ಕಟ್ಟಿದ ಊರು ನಮ್ಮದು. ಹಳ್ಳಿಯ ಬದುಕನ್ನು ಶಾಲೆಯ ಹೊರಗೆ ಕಳಚಿಟ್ಟು ಬರಬೇಕೆಂಬ ಶಿಕ್ಷಣ ಈ ಊರಿಗೆ ಒಪ್ಪುವಂಥದಲ್ಲ.

ಮೂರನೆಯ ಆಕ್ಷೇಪ ಶಿಕ್ಷಕರದು: ಸಮಯವಿಲ್ಲ, ಪಠ್ಯ ಮುಗಿಸಬೇಕು, ಪರೀಕ್ಷೆಯಲ್ಲಿ ಇದನ್ನು ಕೇಳುವುದಿಲ್ಲ. ನಾನೂ ಆ ಸಾಲಿನಲ್ಲಿ ನಿಂತು ಬಂದವನೇ ಆದ್ದರಿಂದ ಹಗುರವಾಗಿ ಮಾತನಾಡಲಾರೆ. ಆದರೆ ನಾನು ಸೂಚಿಸುವ ಕೆಲಸಗಳಿಗೆ ಹೆಚ್ಚಿನ ಹಣವೂ ಬೇಡ, ಹೆಚ್ಚಿನ ಅವಧಿಯೂ ಬೇಡ.

ಜೂನ್ ತಿಂಗಳಲ್ಲಿ ಶಾಲೆ ತೆರೆದ ವಾರವೇ ಅಂಗಳದ ಒಂದು ಸಾಲಿನಲ್ಲಿ ಒಂದೇ ಗಿಡದ ಹತ್ತು ಹಿಪ್ಪುನೇರಳೆ ಕಡ್ಡಿಗಳನ್ನು ಮಕ್ಕಳಿಂದ ನೆಡಿಸಿ. ಪಕ್ಕದ ಸಾಲಿನಲ್ಲಿ ಒಂದೇ ಗಿಡದ ಹಣ್ಣುಗಳಿಂದ ತೆಗೆದ ಬೀಜಗಳನ್ನು ಹಾಕಿಸಿ. ಕೆಲವು ತಿಂಗಳಲ್ಲಿ ಕಡ್ಡಿಯ ಸಾಲಿನ ಎಲೆಗಳೆಲ್ಲ ಒಂದೇ ಆಕಾರದಲ್ಲಿರುತ್ತವೆ; ಬೀಜದ ಸಾಲಿನಲ್ಲಿ ಎಲೆಯ ಆಕಾರ, ಅಂಚು, ಬೆಳವಣಿಗೆಯ ವೇಗಗಳಲ್ಲಿ ವ್ಯತ್ಯಾಸ ಕಾಣಿಸತೊಡಗುತ್ತದೆ. ಮೈಟೋಸಿಸ್, ಮಿಯೋಸಿಸ್ ಎರಡೂ ಅಕ್ಕಪಕ್ಕದಲ್ಲಿ ನಿಂತು ತಮ್ಮ ಪರಿಚಯವನ್ನು ತಾವೇ ಹೇಳಿಕೊಳ್ಳುತ್ತವೆ. ಎರಡನೆಯದಾಗಿ, ವರ್ಷಕ್ಕೊಮ್ಮೆ ಮಕ್ಕಳನ್ನು ಹತ್ತಿರದ ಬಿತ್ತನೆ ಕೋಠಿಗೆ ಕರೆದೊಯ್ಯಿರಿ. ಗಂಡು ಹೆಣ್ಣು ಗೂಡುಗಳನ್ನು ಬೇರ್ಪಡಿಸುವುದನ್ನೂ ಚಿಟ್ಟೆಯ ಪರೀಕ್ಷೆಯನ್ನೂ ಅವರು ನೋಡಲಿ. ಕನಕಪುರ ರಸ್ತೆಯ ತಲಘಟ್ಟಪುರದಲ್ಲಿಯೇ ರಾಜ್ಯ ರೇಷ್ಮೆ ಸಂಶೋಧನಾ ಮತ್ತು ಅಭಿವೃದ್ಧಿ ಸಂಸ್ಥೆ ಇದೆ. ಬೆಂಗಳೂರಿಗೆ ಪ್ರವಾಸ ಹೊರಟ ಶಾಲೆಯ ಬಸ್ಸು ಅದರ ಮುಂದೆಯೇ ಹಾದುಹೋಗುತ್ತದೆ. ಮೂರನೆಯದಾಗಿ, ಶಾಲಾ ಮಟ್ಟದ ಪರೀಕ್ಷೆಯಲ್ಲಾದರೂ ಒಂದು ಪ್ರಶ್ನೆಯನ್ನು ಬದಲಿಸಿ. ‘ಮೈಟೋಸಿಸ್‌ನ ಹಂತಗಳನ್ನು ಹೆಸರಿಸಿ’ ಎನ್ನುವ ಬದಲು ‘ಮಿಶ್ರತಳಿಯ ಗೂಡಿನಿಂದ ರೈತರು ಮೊಟ್ಟೆ ಮಾಡಿಕೊಳ್ಳಬಾರದೇಕೆ? ಕಾರಣ ಕೊಡಿ’ ಎಂದು ಕೇಳಿ. ಉತ್ತರವನ್ನು ಮಗು ಮನೆಯವರೊಡನೆ ಚರ್ಚಿಸಿಯೇ ಬರೆಯಲಿ. ಅಂತಹ ನಕಲಿಗೆ ನನ್ನ ಅಡ್ಡಿಯಿಲ್ಲ!

ಹುಳು ಸಾಕುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ನಿಮ್ಮೂರಿನ ಶಾಲೆಯ ವಿಜ್ಞಾನ ಶಿಕ್ಷಕರು ಹೊರಗಿನಿಂದ ಬಂದವರಾಗಿದ್ದು ರೇಷ್ಮೆಯ ಪರಿಚಯವಿಲ್ಲದಿರಬಹುದು. ನೀವೇ ಹೋಗಿ ಮಾತನಾಡಿಸಿ. ಹತ್ತು ಕಡ್ಡಿಗಳನ್ನೂ ಒಂದಿಷ್ಟು ಹಣ್ಣಾದ ಹುಳುಗಳನ್ನೂ ಶಾಲೆಗೆ ಕೊಟ್ಟು ಬನ್ನಿ. ಶಿಕ್ಷಕರಾಗಿರುವವರಲ್ಲಿ ಇನ್ನೊಂದು ಕೋರಿಕೆ: ಬರುವ ಜೂನ್‌ನಲ್ಲಿ ಆ ಎರಡು ಸಾಲುಗಳನ್ನು ನೆಟ್ಟು, ಮಕ್ಕಳು ಕೇಳಿದ ಪ್ರಶ್ನೆಗಳನ್ನು ಬರೆದಿಟ್ಟುಕೊಂಡು ನನಗೆ ತಿಳಿಸಿ. ಉತ್ತರಗಳಿಗಿಂತ ಆ ಪ್ರಶ್ನೆಗಳನ್ನು ಓದಲು ನನಗೆ ಹೆಚ್ಚು ಆಸೆ.